ಕನ್ನ ಬಿದ್ದ ಮನೆಯನ್ನು ಮರೆತ ಕಥೆ

ಕಳೆದ ತಿಂಗಳು ನಮ್ಮ ಸಂಘದ ಸಭೆ ಮುಗಿದು, ಎಲ್ಲರೂ ಕಾಫಿಯ ಲೋಟಗಳನ್ನು ಹಿಡಿದು ಜಗಲಿಯಲ್ಲಿ ನಿಂತಿದ್ದಾಗ, ಮಿತ್ರರೊಬ್ಬರು ಒಂದು ಮಾತನ್ನು ಹೇಳಿದರು. “ನಮ್ಮ ಕೋಲಾರದ ಹೆಸರನ್ನು ದೇಶದ ಮೂಲೆಮೂಲೆಗೂ ಮುಟ್ಟಿಸಿದುದು ಯಾವುದು? ನೂರಿಪ್ಪತ್ತು ವರ್ಷ ಅಗೆದ ಚಿನ್ನವಲ್ಲ, ಒಂದು ಚಲಚ್ಚಿತ್ರ. ನಮ್ಮ ಜಿಲ್ಲೆಯ ಸಾಹಿತಿಗಳೆಲ್ಲ ಕೂಡಿ ಮಾಡಲಾರದುದನ್ನು ಅದು ಮೂರು ಗಂಟೆಯಲ್ಲಿ ಮಾಡಿತು.” ನಿಂತಿದ್ದವರಲ್ಲಿ ಹಲವರು ತಲೆದೂಗಿದರು. ನಾನು ಆಗ ಸುಮ್ಮನಿದ್ದೆನು. ಸುಮ್ಮನಿದ್ದುದು ಒಪ್ಪಿಗೆಯಿಂದಲ್ಲ, ಕಾಫಿ ಆರುವಷ್ಟರಲ್ಲಿ ಹೇಳಿ ಮುಗಿಸುವಂಥ ಉತ್ತರ ನನ್ನಲ್ಲಿರಲಿಲ್ಲ. ಮೌನವನ್ನು ಸಮ್ಮತಿಯೆಂದು ತಿಳಿಯುವ ವಾಡಿಕೆ ಲೋಕದಲ್ಲಿರುವುದರಿಂದ, ಆ ಉತ್ತರವನ್ನು ಈಗ ವಾಚಕಮಹಾಶಯರ ಮುಂದಿಡುತ್ತಿದ್ದೇನೆ.

ಆ ಚಿತ್ರದ ಹೆಸರು ‘ಕೆ.ಜಿ.ಎಫ್.’ ಮೊದಲ ಭಾಗವು ೨೦೧೮ರ ಡಿಸೆಂಬರ್ ೨೧ರಂದೂ ಎರಡನೆಯದು ೨೦೨೨ರ ಏಪ್ರಿಲ್ ೧೪ರಂದೂ ತೆರೆಗೆ ಬಂದುವು. ನಿರ್ದೇಶಕರು ಪ್ರಶಾಂತ್ ನೀಲ್. ನಾಯಕನ ಪಾತ್ರ ಯಶ್ ಅವರದು. ಮೊದಲ ಭಾಗವನ್ನು ಮನೆಯಲ್ಲಿ ದೂರದರ್ಶನದ ಮುಂದೆ ಕುಳಿತು ನೋಡಿದೆನು. ಎರಡನೆಯದನ್ನು ಮೊಮ್ಮಗನ ಹಟಕ್ಕಾಗಿ ಚಿತ್ರಮಂದಿರಕ್ಕೇ ಹೋಗಿ ನೋಡಿದೆನು. ನಾನು ಪಾಠಶಾಲೆಯಲ್ಲಿ ವ್ಯಾಕರಣವನ್ನೂ ಸಾಹಿತ್ಯವನ್ನೂ ಓದಿ, ಆಮೇಲೆ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಈ ಜಿಲ್ಲೆಯಲ್ಲಿ, ಗಣಿಗಳಿಗೆ ಸಮೀಪದ ಒಂದು ಪ್ರೌಢಶಾಲೆಯಲ್ಲಿ ಕನ್ನಡ ಸಂಸ್ಕೃತಗಳನ್ನು ಹೇಳಿಕೊಟ್ಟವನು. ಚಲಚ್ಚಿತ್ರಕಲೆಯಲ್ಲಿ ನನಗೆ ಪರಿಣತಿಯಿಲ್ಲ. ಆದರೆ ಕಥೆಯೆಂದರೇನು, ನಾಯಕನೆಂದರಾರು, ರಸವೆಲ್ಲಿ ಕೆಡುತ್ತದೆ ಎಂಬ ಪ್ರಶ್ನೆಗಳನ್ನು ಕೇಳಲು ಛಾಯಾಗ್ರಹಣದ ವಿದ್ಯೆ ಬೇಕಾಗಿಲ್ಲವೆಂದು ನಂಬಿದ್ದೇನೆ.

ಗುಣವನ್ನು ಮೊದಲು ಹೇಳಿಬಿಡುವುದು ನ್ಯಾಯ. ಈ ಚಿತ್ರದ ಕುಶಲಿಗಳು ಸಾಮಾನ್ಯರಲ್ಲ. ಭುವನ್ ಗೌಡರ ಛಾಯಾಗ್ರಹಣದಲ್ಲಿ ಕತ್ತಲೆಯೂ ಧೂಳೂ ಬೆಂಕಿಯೂ ಪಾತ್ರಗಳಂತೆ ವರ್ತಿಸುತ್ತವೆ. ರವಿ ಬಸ್ರೂರರ ವಾದ್ಯಘೋಷವು ಮುದುಕನ ಎದೆಯನ್ನೂ ಒಮ್ಮೆ ಬಡಿದೆಬ್ಬಿಸುತ್ತದೆ. ಮೊದಲ ಭಾಗಕ್ಕೆ ಸಾಹಸನಿರ್ದೇಶನಕ್ಕೂ ದೃಶ್ಯಪರಿಣಾಮಗಳಿಗೂ ರಾಷ್ಟ್ರಪ್ರಶಸ್ತಿಗಳು ಬಂದುವು; ಎರಡನೆಯದಕ್ಕೆ ಶ್ರೇಷ್ಠ ಕನ್ನಡ ಚಿತ್ರವೆಂಬ ಪ್ರಶಸ್ತಿಯೇ ಬಂದಿತು. ಕನ್ನಡದಲ್ಲಿ ತೆಗೆದುದನ್ನು ಹಿಂದಿ, ತೆಲುಗು, ತಮಿಳು, ಮಲೆಯಾಳಗಳ ಜನ ಸಾಲುಗಟ್ಟಿ ನಿಂತು ನೋಡಿದರೆಂಬುದು ಸಣ್ಣ ಸಂಗತಿಯಲ್ಲ. ಇದನ್ನೆಲ್ಲ ನಾನು ಅಲ್ಲಗಳೆಯುವುದಿಲ್ಲ. ನನ್ನ ವಿವಾದವಿರುವುದು ಇಷ್ಟು ಶಕ್ತಿ ಯಾವ ಕಥೆಗೆ ವೆಚ್ಚವಾಯಿತು, ಯಾರ ಹೆಸರಿನಲ್ಲಿ ವೆಚ್ಚವಾಯಿತು ಎಂಬಲ್ಲಿ.

ಕಥೆ ಹೀಗಿದೆ. ೧೯೫೧ರಲ್ಲಿ ಬಡತನದಲ್ಲಿ ಹುಟ್ಟಿದ ಒಬ್ಬ ಹುಡುಗನು, ಸಾಯುತ್ತಿರುವ ತಾಯಿಗೆ, ಬಡವನಾಗಿ ಸಾಯೆನು, ಎಲ್ಲರಿಗಿಂತ ಐಶ್ವರ್ಯವಂತನಾಗಿಯೂ ಬಲಶಾಲಿಯಾಗಿಯೂ ಸಾಯುವೆನೆಂದು ಮಾತು ಕೊಡುತ್ತಾನೆ. ಬೊಂಬಾಯಿಗೆ ಹೋಗಿ ಪಾತಕಿಗಳ ಕೂಟವನ್ನು ಸೇರುತ್ತಾನೆ. ಹೊಡೆದು ಕೊಂದು ಮೇಲೇರುತ್ತಾನೆ. ಕೋಲಾರದ ಚಿನ್ನದ ನೆಲದಲ್ಲಿ ‘ನರಾಚಿ’ ಎಂಬ ಗುಪ್ತವಾದ ಗಣಿಯಿದೆ. ಸಾವಿರಾರು ಜನ ಗುಲಾಮರಾಗಿ ಅಲ್ಲಿ ಅಗೆಯುತ್ತಾರೆ. ಅದರ ಒಡೆಯನನ್ನು ಕೊಲ್ಲುವುದಕ್ಕೆಂದು ಇವನು ಗುಲಾಮನ ವೇಷದಲ್ಲಿ ಒಳಹೊಗುತ್ತಾನೆ, ಕೊಲ್ಲುತ್ತಾನೆ, ತಾನೇ ಒಡೆಯನಾಗುತ್ತಾನೆ. ನಡುವೆ ಒಬ್ಬ ಸಿರಿವಂತನ ಮಗಳ ಮೇಲೆ ಇವನಿಗೆ ಪ್ರೇಮ. ಕೊನೆಗೆ ಕೂಡಿಸಿಟ್ಟ ಚಿನ್ನವನ್ನೆಲ್ಲ ಹಡಗಿನಲ್ಲಿ ತುಂಬಿಕೊಂಡು, ಚಿನ್ನದೊಡನೆಯೇ ಕಡಲಿನಲ್ಲಿ ಮುಳುಗುತ್ತಾನೆ. ಕಳ್ಳತನ, ಕೊಲೆ, ಪ್ರೇಮ, ಹಳೆಯ ಕಾಲ: ಈ ನಾಲ್ಕನ್ನೂ ಒಂದೇ ಒರಳಿನಲ್ಲಿ ಅರೆದ ಪಾಕವಿದು.

ಇಲ್ಲಿ ಕೆಲವರು ಥಟ್ಟನೆ ಹೇಳುವರು: “ಮೇಷ್ಟರಿಗೆ ಕಳ್ಳರ ಕಥೆಯೆಂದರೆ ಸಿಟ್ಟು. ಹಳಬರಿಗೆ ಹರಿಶ್ಚಂದ್ರನ ಕಥೆಯೊಂದೇ ಸಾಕು.” ಈ ಆಕ್ಷೇಪವು ನನಗೆ ತಗಲುವುದಿಲ್ಲ. ಕಳ್ಳರ ಕಥೆಯನ್ನೂ ಜೂಜುಗಾರರ ಕಥೆಯನ್ನೂ ನಾನು ಕಲಿತುದು ಚಿತ್ರಮಂದಿರದಲ್ಲಲ್ಲ, ಪಾಠಶಾಲೆಯ ಚಾಪೆಯ ಮೇಲೆ. ದಂಡಿಯ ದಶಕುಮಾರಚರಿತದಲ್ಲಿ ಕನ್ನಗಳ್ಳರಿಗೂ ಮೋಸಗಾರರಿಗೂ ಬರಗಾಲವಿಲ್ಲ. ಶೂದ್ರಕನ ಮೃಚ್ಛಕಟಿಕದಲ್ಲಿ ಕಳ್ಳತನವೂ ಶೃಂಗಾರವೂ ಒಂದೇ ಹಗ್ಗದ ಎರಡು ಎಳೆಗಳಾಗಿ ಹೆಣೆದುಕೊಂಡಿವೆ. ಅದನ್ನು ಸ್ವಲ್ಪ ವಿಸ್ತರಿಸುತ್ತೇನೆ. ನನ್ನ ವಾದದ ಬೆನ್ನೆಲುಬು ಅಲ್ಲಿದೆ.

ಶರ್ವಿಲಕನೆಂಬ ಬ್ರಾಹ್ಮಣನಿಗೆ ವಸಂತಸೇನೆಯ ದಾಸಿಯಾದ ಮದನಿಕೆಯ ಮೇಲೆ ಪ್ರೇಮ. ಹಣ ಕೊಟ್ಟು ಅವಳ ದಾಸ್ಯವನ್ನು ಬಿಡಿಸಬೇಕು, ಕೈಯಲ್ಲಿ ಹಣವಿಲ್ಲ. ಆದುದರಿಂದ ರಾತ್ರಿ ಚಾರುದತ್ತನ ಮನೆಗೆ ಕನ್ನ ಹಾಕುತ್ತಾನೆ. ಗೋಡೆಯಲ್ಲಿ ಯಾವ ಆಕಾರದ ಕನ್ನ ಕೊರೆದರೆ ನೋಡಿದವರು ಮೆಚ್ಚುವರೆಂದು ಶಾಸ್ತ್ರಿಗಳಂತೆ ವಿಚಾರಮಾಡುತ್ತಾನೆ. ಅಳೆಯುವ ದಾರವನ್ನು ಮರೆತು ಬಂದುದರಿಂದ ಜನಿವಾರದಿಂದಲೇ ಅಳೆಯುತ್ತಾನೆ. ಓದುವ ಹುಡುಗರಾದ ನಮಗೆ ನಗು ತಡೆಯುತ್ತಿರಲಿಲ್ಲ. ಕಳ್ಳನ ಮೇಲೆ ನಮಗೆಲ್ಲ ಪ್ರೀತಿ ಹುಟ್ಟಿತು. ಕವಿಗೆ ಬೇಕಾದುದೂ ಅದೇ.

ಆದರೆ ಕವಿ ಅಲ್ಲಿಗೆ ಬಿಡಲಿಲ್ಲ. ಕಳ್ಳನು ಹೊರಟುಹೋದಮೇಲೆ ನಮ್ಮನ್ನು ಆ ಮನೆಯಲ್ಲಿಯೇ ಉಳಿಸಿಕೊಂಡನು. ಕದ್ದುದು ನಂಬಿಕೆಯಿಂದ ಇಟ್ಟಿದ್ದ ಪರರ ಒಡವೆ. ‘ಬಡವನ ಮನೆಯಲ್ಲಿ ಕಳುವಾಯಿತೆಂದರೆ ಯಾರು ನಂಬುವರು’ ಎಂದು ಚಾರುದತ್ತನು ಕುಗ್ಗುವುದನ್ನು ತೋರಿಸಿದನು. ಗಂಡನ ಮಾನವನ್ನುಳಿಸಲು ಧೂತೆಯು ತವರಿನಿಂದ ಬಂದ ತನ್ನ ಹಾರವನ್ನು ತೆಗೆದು ಕೊಡುವುದನ್ನು ತೋರಿಸಿದನು. ಮರುದಿನ ಶರ್ವಿಲಕನು ಒಡವೆಯ ಗಂಟನ್ನು ಹಿಡಿದು ಹಿಗ್ಗಿನಿಂದ ಮದನಿಕೆಯ ಬಳಿಗೆ ಬಂದಾಗ, ಅವಳು ಹಿಗ್ಗಲಿಲ್ಲ. ಅವಳ ಮೊದಲ ಭಯ ಒಂದೇ: ಆ ಮನೆಯಲ್ಲಿ ಯಾರಿಗಾದರೂ ಪೆಟ್ಟಾಯಿತೋ, ಯಾರನ್ನಾದರೂ ಕೊಂದೆಯೋ ಎಂಬುದು. ತನ್ನ ಬಿಡುಗಡೆಗಾಗಿಯೇ ನಡೆದ ಕಳವು ಅದು. ಆದರೂ ಅವಳ ಮನಸ್ಸು ಓಡಿದುದು ಕನ್ನ ಬಿದ್ದ ಮನೆಯ ಕಡೆಗೆ. ಒಡವೆಯನ್ನು ಹಿಂದಿರುಗಿಸುವ ಉಪಾಯವನ್ನು ಹೇಳಿದವಳೂ ಅವಳೇ. ಮರೆಯಲ್ಲಿ ನಿಂತು ಇದನ್ನೆಲ್ಲ ಕೇಳಿದ ವಸಂತಸೇನೆಯು ಅವಳನ್ನು ದಾಸ್ಯದಿಂದ ಬಿಡಿಸಿ ಅವನ ಕೈಗೆ ಒಪ್ಪಿಸಿದಳು. ಈ ಪ್ರೇಮವು ಶುದ್ಧವಾದುದು ಮದನಿಕೆಯ ಆ ಒಂದು ಪ್ರಶ್ನೆಯಿಂದ.

ಪಾತಕದ ಕಥೆಯನ್ನು ಒರೆಹಚ್ಚುವ ಕಲ್ಲು ಇದೇ ಎಂದು ನನ್ನ ಮತ. ಕಳ್ಳನು ಸುಂದರನಾಗಿರಲಿ, ಚತುರನಾಗಿರಲಿ, ಪ್ರೇಮಿಯಾಗಿರಲಿ, ಅಡ್ಡಿಯಿಲ್ಲ. ಕಥೆ ಕನ್ನ ಬಿದ್ದ ಮನೆಗೆ ಒಮ್ಮೆಯಾದರೂ ಹಿಂದಿರುಗಿತೆ? ಪೆಟ್ಟು ಯಾರಿಗಾಯಿತೆಂದು ಯಾರಾದರೂ ಕೇಳಿದರೆ? ಹಿಂದಿರುಗಿದರೆ, ಕೇಳಿದರೆ, ಅದು ಕಾವ್ಯ. ಇಲ್ಲದಿದ್ದರೆ ಅದು ಬಲದ ಸ್ತೋತ್ರಪಾಠ, ಹೊಗಳುಭಟ್ಟರ ಕೆಲಸ.

ಈ ಕಲ್ಲಿಗೆ ನಮ್ಮ ಚಿತ್ರವನ್ನು ಉಜ್ಜಿ ನೋಡೋಣ. ಮೊದಲು ಅದರ ಶೃಂಗಾರ. ನಾಯಕನು ನಾಯಿಕೆಯನ್ನು ಕಂಡೊಡನೆ ಅವಳು ತನ್ನವಳೆಂದು ಸಾರಿಬಿಡುತ್ತಾನೆ. ಅವಳ ಇಷ್ಟಾನಿಷ್ಟಗಳಿಗೆ ಅಲ್ಲಿ ಎಡೆಯಿಲ್ಲ. ಎರಡನೆಯ ಭಾಗದಲ್ಲಿ ಅವಳು ಒಲ್ಲೆನೆಂದರೂ ಗಣಿಯ ಸಾಮ್ರಾಜ್ಯಕ್ಕೆ ಒಯ್ದು ಇರಿಸುತ್ತಾನೆ. ಆಮೇಲೆ ಅವಳ ಮನಸ್ಸು ತಿರುಗಿತೆಂದು ಕಥೆ ಹೇಳುತ್ತದೆ. ಏತರಿಂದ ತಿರುಗಿತೆಂದು ತೃಪ್ತಿಯಾಗುವಂತೆ ಹೇಳುವುದಿಲ್ಲ. ಒಬ್ಬರಲ್ಲಿ ಮಾತ್ರ ಇರುವ ರತಿಯನ್ನು ನಮ್ಮ ಆಲಂಕಾರಿಕರು ಶೃಂಗಾರವೆಂದು ಒಪ್ಪಿದವರಲ್ಲ. ಅದಕ್ಕೆ ಶೃಂಗಾರಾಭಾಸವೆಂದು ಹೆಸರಿಟ್ಟರು. ಅದಕ್ಕೆ ಅವರು ಕೊಡುತ್ತಿದ್ದ ಪ್ರಸಿದ್ಧವಾದ ಉದಾಹರಣೆ ಸೀತೆಯ ವಿಷಯದಲ್ಲಿ ರಾವಣನ ಅಭಿಲಾಷೆ. ರಾವಣನಲ್ಲಿ ಬಲವಿರಲಿಲ್ಲವೆ? ಐಶ್ವರ್ಯವಿರಲಿಲ್ಲವೆ? ಚಿನ್ನವಂತೂ ಊರಿಗೆ ಊರೇ ಇದ್ದಿತು. ಆದರೂ ಅವನನ್ನು ಪ್ರೇಮದ ನಾಯಕನೆಂದು ಕರೆಯುವ ಧೈರ್ಯ ಯಾರಿಗೂ ಬರಲಿಲ್ಲ. ಇಂದಿನ ಚಿತ್ರಮಂದಿರದಲ್ಲಿ ಅಂಥದಕ್ಕೆ ಸಿಳ್ಳೆ ಬೀಳುತ್ತದೆ. ಸಿಳ್ಳೆ ಹಾಕುವ ಹುಡುಗನು ನಾಳೆ ನಮ್ಮ ಬೀದಿಯ ಹೆಣ್ಣುಮಗಳೊಬ್ಬಳ ಹಿಂದೆ ನಡೆಯುವಾಗ, ಅವಳ ‘ಒಲ್ಲೆ’ ಎಂಬ ಮಾತನ್ನು ‘ಇನ್ನೂ ಇಲ್ಲ’ ಎಂದು ಅರ್ಥಮಾಡಿಕೊಂಡರೆ, ಅದರಲ್ಲಿ ಈ ಪಾಠದ ಪಾಲಿಲ್ಲವೆಂದು ಹೇಳಲಾದೀತೆ?

ಇನ್ನು ವೀರ. ದಾನವೀರ, ದಯಾವೀರ, ಧರ್ಮವೀರ, ಯುದ್ಧವೀರರೆಂದು ನಾಲ್ವರನ್ನು ಬಲ್ಲೆವು. ವೀರದ ಸ್ಥಾಯಿ ಉತ್ಸಾಹ. ಕ್ರೋಧವು ರೌದ್ರದ ಸ್ಥಾಯಿ. ಚಿತ್ರವು ತೋರಿಸುವುದೆಲ್ಲ ರೌದ್ರ. ಫಲಕದ ಮೇಲೆ ಬರೆದುದು ಮಾತ್ರ ವೀರ. ಗುಲಾಮರನ್ನು ಬಿಡಿಸಿದನೆಂದು ನಾಯಕನ ಪಕ್ಷದವರು ಹೇಳುವರು. ಗಣಿಯ ಹಳೆಯ ಒಡೆಯನು ಸತ್ತುದು ನಿಜ. ಆದರೆ ಆಮೇಲೆ ಅಗೆತ ನಿಂತಿತೆ? ಚಿನ್ನವು ಅಗೆದವರಿಗೆ ಹಂಚಿಹೋಯಿತೆ? ಗಣಿ ಇವನ ವಶವಾಯಿತು. ಅಗೆತ ಇನ್ನಷ್ಟು ಹೆಚ್ಚಿತು. ಚಿನ್ನವು ಇವನ ಪ್ರತಿಜ್ಞೆಯ ರಾಶಿಗೆ ಸೇರಿತು. ಕಡೆಗೆ ಇವನೊಡನೆ ಸಮುದ್ರದ ಪಾಲಾಯಿತು. ತಾಯಿಗೆ ಕೊಟ್ಟ ಮಾತು ಉಳಿಯಿತೆಂದು ನಾವು ಕಣ್ಣೊರೆಸಿಕೊಳ್ಳಬೇಕಂತೆ. ಸಾವಿರಾರು ತಾಯಂದಿರ ಮಕ್ಕಳು ನೆಲದಡಿಯಿಂದ ಹೊತ್ತು ತಂದುದನ್ನು ಒಬ್ಬ ತಾಯಿಯ ಹೆಸರಿನಲ್ಲಿ ನೀರಿಗೆ ಚೆಲ್ಲುವುದು ಯಾವ ಬಗೆಯ ವೀರವೆಂಬುದನ್ನು ಯಾವ ಲಕ್ಷಣಗ್ರಂಥದಲ್ಲಿಯೂ ನಾನು ಕಂಡಿಲ್ಲ.

ಇಷ್ಟಾದರೂ, ಕಥೆ ನಡೆಯುವ ಊರಿಗೆ ಕವಿ ತಾನೇ ಒಂದು ಹೆಸರನ್ನು ಕಟ್ಟಿಕೊಂಡಿದ್ದರೆ ನಾನು ಲೇಖನಿಯನ್ನು ಹಿಡಿಯುತ್ತಿರಲಿಲ್ಲ. ಕಟ್ಟಿದ ಹೆಸರು ‘ನರಾಚಿ’ ಒಳಗಡೆ ಉಳಿಯಿತು. ಹೊರಗೆ ಫಲಕದ ಮೇಲೆ ಬಂದುದು ‘ಕೆ.ಜಿ.ಎಫ್.’ ಆ ಮೂರಕ್ಷರವು ಯಾರ ಸ್ವತ್ತೆಂಬುದನ್ನು ಈಗ ಹೇಳಬೇಕಾಗಿದೆ.

ಚಿತ್ರದಲ್ಲಿ ಚಿನ್ನ ಕಾಣಿಸಿಕೊಳ್ಳುವುದು ೧೯೫೧ರಲ್ಲಿ. ನಿಜವಾದ ಕೋಲಾರದ ಗಣಿಗಳಿಗೆ ಆ ವೇಳೆಗೆ ಎಪ್ಪತ್ತು ವರ್ಷ ವಯಸ್ಸಾಗಿದ್ದಿತು. ೧೮೦೨ರಲ್ಲಿಯೇ ಲೆಫ್ಟಿನೆಂಟ್ ವಾರನ್ ಎಂಬ ಮೋಜಣಿಯ ಅಧಿಕಾರಿಯು ಇಲ್ಲಿಯ ಹಳ್ಳಿಗರು ಮಣ್ಣನ್ನು ತೊಳೆದು ಚಿನ್ನ ತೆಗೆಯುವುದನ್ನು ಕಂಡಿದ್ದನು. ೧೮೮೦ರಲ್ಲಿ ಇಂಗ್ಲೆಂಡಿನ ಜಾನ್ ಟೇಲರ್ ಕಂಪೆನಿ ಬಂದಿತು. ೧೯೦೨ರಲ್ಲಿ ಕಾವೇರಿಯ ಶಿವನಸಮುದ್ರದಲ್ಲಿ ವಿದ್ಯುತ್ತನ್ನು ಹುಟ್ಟಿಸಿ, ತೊಂಬತ್ತು ಮೈಲಿಗೂ ದೂರ ತಂತಿಯೆಳೆದು ತಂದುದು ಈ ಗಣಿಗಳಿಗಾಗಿ. ಬೆಂಗಳೂರಿನ ಬೀದಿಯಲ್ಲಿ ದೀಪ ಹತ್ತಿದುದು ಅದಾದಮೇಲೆ, ೧೯೦೫ರಲ್ಲಿ. ಉರಿಗಾಂ, ಚಾಂಪಿಯನ್ ರೀಫ್, ನಂದಿದುರ್ಗ, ಮೈಸೂರು ಎಂಬ ಗಣಿಗಳ ಸುರಂಗಗಳು ಇಳಿಯುತ್ತ ಹೋಗಿ, ಚಾಂಪಿಯನ್ ರೀಫಿನಲ್ಲಿ ಆಳವು ಮೂರು ಕಿಲೋಮೀಟರನ್ನು ಮೀರಿತು. ೧೯೫೬ರಲ್ಲಿ ಮೈಸೂರು ಸರ್ಕಾರವು ಗಣಿಗಳನ್ನು ತನ್ನದಾಗಿಸಿಕೊಂಡಿತು. ಆಮೇಲೆ ಅವು ಕೇಂದ್ರಸರ್ಕಾರಕ್ಕೆ ಹೋದುವು. ೧೯೭೨ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಕಂಪೆನಿಯಾಯಿತು. ೨೦೦೧ರ ಫೆಬ್ರವರಿ ೨೮ರಂದು ಎಲ್ಲವೂ ನಿಂತುಹೋಯಿತು. ಒಟ್ಟು ತೆಗೆದ ಚಿನ್ನ ಸುಮಾರು ಎಂಟುನೂರು ಟನ್ನು.

ಈ ಚಿನ್ನವನ್ನು ತೆಗೆದವರು ಯಾರು? ಬಹುಮಟ್ಟಿಗೆ ಉತ್ತರಾರ್ಕಾಟು, ಸೇಲಂ ಕಡೆಯಿಂದ ಹಸಿವಿನಿಂದ ಬಂದ ತಮಿಳು ಮಾತಿನ ಜನ; ಚಿತ್ತೂರಿನ ಕಡೆಯ ತೆಲುಗರು; ಸುತ್ತಲಿನ ನಮ್ಮವರು. ಅವರಲ್ಲಿ ಬಹುಪಾಲು ನಮ್ಮ ಸಮಾಜವು ಊರ ಹೊರಗೆ ನಿಲ್ಲಿಸಿದ್ದ ಜಾತಿಗಳವರು. ಹಳ್ಳಿಯ ಬಾವಿಯಲ್ಲಿ ನೀರು ಸೇದಲು ಬಿಡದಿದ್ದವರನ್ನು ಪಾತಾಳದಲ್ಲಿ ಚಿನ್ನ ತೆಗೆಯಲು ಮಾತ್ರ ಕರೆದೆವು. ಆಳದ ಬಂಡೆಯ ಶಾಖ ಅರವತ್ತು ಡಿಗ್ರಿಯನ್ನು ಮೀರುತ್ತಿತ್ತು. ಒತ್ತಡಕ್ಕೆ ಸಿಕ್ಕಿದ ಬಂಡೆ ಹೇಳದೆ ಕೇಳದೆ ಸಿಡಿಯುತ್ತಿತ್ತು. ಸಿಡಿದಲ್ಲಿ ಇದ್ದವರು ಮೇಲೆ ಬರುತ್ತಿರಲಿಲ್ಲ. ಕಲ್ಲಿನ ಧೂಳು ಶ್ವಾಸಕೋಶದಲ್ಲಿ ಕುಳಿತು ಬರುವ ಸಿಲಿಕೋಸಿಸ್ ಎಂಬ ರೋಗವನ್ನು ನಮ್ಮ ದೇಶದ ವೈದ್ಯರು ಮೊದಲು ಗುರುತಿಸಿದುದು ಈ ಗಣಿಯ ಕಾರ್ಮಿಕರಲ್ಲಿ.

ಈ ಜನ ಒಬ್ಬ ರಕ್ಷಕನು ಬೊಂಬಾಯಿಯಿಂದ ಬರಲಿ ಎಂದು ಕಾಯುತ್ತ ಕುಳಿತವರಲ್ಲ. ೧೯೩೦ರಲ್ಲಿ ಗಣಿಯ ಆಡಳಿತದವರು ಕಾರ್ಮಿಕರ ಬೆರಳಚ್ಚನ್ನು ತೆಗೆದು ದಾಖಲೆಯಲ್ಲಿಡಲು ಹೊರಟಾಗ, ತಮ್ಮನ್ನು ಕಳ್ಳರಂತೆ ಕಾಣುವುದನ್ನು ಸಹಿಸದೆ, ಸಾವಿರಾರು ಮಂದಿ ಒಟ್ಟಾಗಿ ಕೆಲಸವನ್ನು ನಿಲ್ಲಿಸಿದರು. ಆಮೇಲೆ ಸಂಘಗಳನ್ನು ಕಟ್ಟಿದರು, ಮಕ್ಕಳನ್ನು ಓದಿಸಿದರು. ೧೯೬೫ರಲ್ಲಿ ಚಾಂಪಿಯನ್ ರೀಫಿನ ಆಳದಲ್ಲಿ ವಿಜ್ಞಾನಿಗಳು ವಾಯುಮಂಡಲದಲ್ಲಿ ಹುಟ್ಟುವ ನ್ಯೂಟ್ರಿನೋ ಕಣದ ಸುಳಿವನ್ನು ಕಂಡು ಜಗತ್ತಿನ ಮುಂದಿಟ್ಟಾಗ, ಆ ಪ್ರಯೋಗಕ್ಕೆ ಎರಡು ಕಿಲೋಮೀಟರಿಗೂ ಆಳದಲ್ಲಿ ಜಾಗವಾದುದು ಇದೇ ಕೈಗಳು ಅಗೆದ ಸುರಂಗ. ‘ಕೆ.ಜಿ.ಎಫ್.’ ಎಂಬ ಮೂರಕ್ಷರದ ಅರ್ಥ ಇಷ್ಟು. ಮೊದಲೇ ಜಗತ್ತು ಬಲ್ಲ ಹೆಸರನ್ನು ಚಿತ್ರವು ಜಗತ್ತಿಗೆ ತಿಳಿಸಿತೆಂಬುದು ಸರಿಯಲ್ಲ. ಹೆಸರನ್ನು ಎರವಲು ಪಡೆದು ಅರ್ಥವನ್ನು ಬದಲಿಸಿಕೊಂಡಿತು.

ಇನ್ನು ಪೂರ್ವಪಕ್ಷಗಳನ್ನು ಒಂದೊಂದಾಗಿ ನೋಡೋಣ.

ಮೊದಲನೆಯದು: ಕಥೆ ಕಲ್ಪಿತವೆಂದು ಚಿತ್ರವನ್ನು ಮಾಡಿದವರೇ ಹೇಳಿದ್ದಾರೆ, ಕಲ್ಪನೆಯನ್ನು ಚರಿತ್ರೆಯ ತಕ್ಕಡಿಯಲ್ಲಿ ತೂಗುವುದು ಅನ್ಯಾಯವಲ್ಲವೆ ಎಂಬುದು. ಕವಿಯನ್ನು ನಮ್ಮವರು ಪ್ರಜಾಪತಿಗೆ ಹೋಲಿಸಿದುದನ್ನು ನಾನೂ ಮಕ್ಕಳಿಗೆ ಹೇಳಿಕೊಟ್ಟಿದ್ದೇನೆ. ಪ್ರಜಾಪತಿಯು ತನ್ನ ಲೋಕವನ್ನು ತಾನೇ ಸೃಷ್ಟಿಸುತ್ತಾನೆ. ನೆರೆಮನೆಯ ಬಾಗಿಲ ಮೇಲಿನ ಹೆಸರಿನ ಹಲಗೆಯನ್ನು ಕಿತ್ತು ತನ್ನ ಬಾಗಿಲಿಗೆ ಹೊಡೆದುಕೊಳ್ಳುವುದಿಲ್ಲ. ನಿಜವಾದ ಹೆಸರಿನ ತೂಕ ಬೇಕು, ಚಿತ್ರಣಕ್ಕೆ ಅಲ್ಲಿಯ ಸಯನೈಡ್ ದಿಬ್ಬಗಳ ಬೂದುಬಣ್ಣ ಬೇಕು, ಆದರೆ ಅಲ್ಲಿ ಬದುಕಿದವರ ಹೊಣೆ ಬೇಡವೆಂದರೆ, ಅದಕ್ಕೆ ಸ್ವಾತಂತ್ರ್ಯವೆನ್ನುವುದಕ್ಕಿಂತ ಸೋವಿಯಾದ ವ್ಯಾಪಾರವೆನ್ನುವುದು ಸರಿ.

ಎರಡನೆಯದು: ಗುಲಾಮರ ಕಷ್ಟವನ್ನು ಚಿತ್ರವು ತೋರಿಸಿದೆಯಲ್ಲ, ಕನ್ನ ಬಿದ್ದ ಮನೆ ಅದೇ ಅಲ್ಲವೆ ಎಂಬುದು. ಇದು ಗಟ್ಟಿಯಾದ ಆಕ್ಷೇಪ. ಅಲ್ಲಿ ಕೆಲವು ಮುಖಗಳಿವೆಯೆಂದೂ, ಒಂದೆರಡು ಕಡೆ ಕರುಳು ಚುರುಕ್ಕೆನ್ನುವುದೆಂದೂ ಒಪ್ಪುತ್ತೇನೆ. ಆದರೆ ಆ ಕಷ್ಟವು ಅಲ್ಲಿರುವುದು ಏತಕ್ಕೆ? ನಾಯಕನ ಮೊದಲ ಪೆಟ್ಟಿಗೆ ಸಿಡಿಮದ್ದಾಗಲೆಂದು. ಪೆಟ್ಟು ಬಿದ್ದಮೇಲೆ ಆ ಜನ ಹಿನ್ನೆಲೆಯ ಜಯಘೋಷವಾಗಿಬಿಡುತ್ತಾರೆ. ಅವರಿಗೆ ಕಸುಬಿನ ಜಾಣತನವಿಲ್ಲ, ಸಂಘವಿಲ್ಲ, ತಮ್ಮದೊಂದು ಮಾತಿಲ್ಲ. ಬೆರಳಚ್ಚು ಕೊಡೆವೆಂದು ನಿಂತವರನ್ನು ಮೊಣಕಾಲೂರಿ ಕಾಯುವವರನ್ನಾಗಿ ಬರೆಯುವುದು ಮರುಕವಲ್ಲ. ಅದು ಇನ್ನೊಂದು ಕನ್ನ.

ಮೂರನೆಯದು: ಜನರು ಇಡೀ ದಿನ ದುಡಿದು ಬಂದು ಮೂರು ಗಂಟೆ ಮನಸ್ಸನ್ನು ಹಗುರಮಾಡಿಕೊಳ್ಳುವರು, ಅವರಿಗೆ ಪಾಠ ಹೇಳಬೇಕೆ ಎಂಬುದು. ಬೇಡ. ಮೃಚ್ಛಕಟಿಕವೂ ಪಾಠವಲ್ಲ, ನಗಿಸುವ, ಓಡಿಸುವ, ಹೆದರಿಸುವ ನಾಟಕ. ಅದರಲ್ಲಿ ಜೂಜುಕಟ್ಟೆಯ ಹೊಡೆದಾಟವಿದೆ, ಗಾಡಿಗಳ ಅದಲುಬದಲಿದೆ, ವಧಸ್ಥಾನದ ಡೋಲಿದೆ. ಇಷ್ಟೆಲ್ಲದರ ನಡುವೆಯೂ ಶೂದ್ರಕನಿಗೆ ಧೂತೆಯ ಕೊರಳ ಹಾರದ ಕಡೆ ನೋಡಲು ಎರಡು ನಿಮಿಷದ ಬಿಡುವು ಸಿಕ್ಕಿತು. ಮನರಂಜನೆಗೂ ಮನುಷ್ಯತ್ವಕ್ಕೂ ಹಗೆಯೆಂದು ಯಾರು ಹೇಳಿದವರು?

ನಾಲ್ಕನೆಯದು ನನ್ನ ಮಿತ್ರರದೇ: ಹೇಗಾದರಾಗಲಿ, ಹೆಸರು ಬಂದಿತಲ್ಲ ಎಂಬುದು. ಇದಕ್ಕೆ ನಾನು ವಾದದಿಂದ ಉತ್ತರ ಕೊಡುವುದಿಲ್ಲ. ನಾನು ಕಂಡ ಎರಡು ದಿನಗಳನ್ನು ಹೇಳುತ್ತೇನೆ.

೨೦೦೧ರ ಬೇಸಗೆ. ಗಣಿಗಳು ಮುಚ್ಚಿ ಎರಡು ತಿಂಗಳಾಗಿದ್ದಿತು. ಮಕ್ಕಳ ವರ್ಗಾವಣೆಯ ಪತ್ರ ಕೇಳಿಕೊಂಡು ತಂದೆತಾಯಿಗಳು ದಿನವೂ ಶಾಲೆಗೆ ಬರುತ್ತಿದ್ದರು. ಒಂದು ದಿನ ಏಳನೆಯ ತರಗತಿಯ ಒಬ್ಬ ಹುಡುಗನ ತಂದೆಯು ಬಂದು, ಕಛೇರಿಯ ಮೆಟ್ಟಿಲ ಬುಡದಲ್ಲಿಯೇ ಕುಳಿತುಬಿಟ್ಟನು. ನಲವತ್ತೈದು ದಾಟಿರಲಾರದು; ನೋಡುವುದಕ್ಕೆ ಎಪ್ಪತ್ತರವನಂತಿದ್ದನು. ಮೇಲೆ ಬನ್ನಿರೆಂದು ಕರೆದೆನು. ಅವನು ನಕ್ಕು, ತಮಿಳು ಬೆರೆತ ತನ್ನ ಕನ್ನಡದಲ್ಲಿ ಹೇಳಿದನು: “ಮೂರು ಕಿಲೋಮೀಟರ್ ಕೆಳಗೆ ಇಳಿದು ಹತ್ತಿ ಬಂದವನು ಸಾರ್ ನಾನು. ಈ ಮೂರು ಮೆಟ್ಟಿಲು ಹತ್ತೋಕೆ ಈಗ ಉಸಿರಿಲ್ಲ.” ಪತ್ರವನ್ನು ನಾನೇ ಕೆಳಗೆ ತೆಗೆದುಕೊಂಡು ಹೋಗಿ ರುಜು ಹಾಕಿಸಿಕೊಂಡೆನು. ಎರಡು ವರ್ಷದೊಳಗೆ ಅವನು ತೀರಿಕೊಂಡನೆಂದು ಆಮೇಲೆ ಕೇಳಿದೆನು.

ಎರಡನೆಯ ದಿನ ತೀರ ಈಚಿನದು. ಬಂಗಾರಪೇಟೆಯ ನಿಲ್ದಾಣದಲ್ಲಿ ಬೆಳಗಿನ ರೈಲಿಗೆ ಕಾಯುತ್ತಿದ್ದೆನು. ಮಾರಿಕುಪ್ಪದಿಂದ ಬಂದ ಗಾಡಿ ಎಂದಿನಂತೆ ಬೆಂಗಳೂರಿಗೆ ದುಡಿಯಲು ಹೋಗುವವರಿಂದ ತುಂಬಿದ್ದಿತು. ಒಬ್ಬ ಯುವಕನು ಎದ್ದು ಕಾಲಿಗೆ ನಮಸ್ಕರಿಸಿ ತನ್ನ ಜಾಗವನ್ನು ನನಗೆ ಬಿಟ್ಟುಕೊಟ್ಟನು. ಆ ಹುಡುಗನೇ. ಈಗ ಅವನಿಗೆ ಕಿವಿಯ ಬಳಿ ಒಂದೆರಡು ನರೆಗೂದಲು. ಯಾವುದೋ ಕಟ್ಟಡದಲ್ಲಿ ಕಾವಲಿನ ಮೇಲ್ವಿಚಾರಣೆಯ ಕೆಲಸ. ಊರಿನ ಸುದ್ದಿ ಕೇಳುತ್ತ, ಬೆಂಗಳೂರಿನವರಿಗೆ ನಿಮ್ಮೂರು ಈಗ ಚೆನ್ನಾಗಿ ಗೊತ್ತಿರಬೇಕಲ್ಲ ಎಂದೆನು. “ಗೊತ್ತು ಸಾರ್. ಕೆ.ಜಿ.ಎಫ್. ಅಂದ ತಕ್ಷಣ ಎಲ್ಲರೂ ನನ್ನ ‘ರಾಕಿ’ ಅಂತಲೇ ಕರೀತಾರೆ. ರೌಡಿಗಳು ಇನ್ನೂ ಇದ್ದಾರಾ, ಚಿನ್ನ ಬಚ್ಚಿಟ್ಟಿದ್ದಾರಾ ಅಂತ ಕೇಳ್ತಾರೆ” ಎಂದು ನಕ್ಕನು. “ನಿಮ್ಮ ತಂದೆಯವರ ವಿಷಯ ಹೇಳಿದೆಯೇನಪ್ಪ?” ಎಂದು ಕೇಳಿದೆನು. ಅವನು ಕಿಟಕಿಯ ಕಡೆಗೆ ತಿರುಗಿ, “ಯಾರೂ ಕೇಳಲಿಲ್ಲ ಸಾರ್” ಎಂದನು.

ಮಿತ್ರರೇ, ಹೆಸರು ಬಂದುದೆಂದರೆ ಇದು. ಮದನಿಕೆಯು ಕಳ್ಳನನ್ನು ಮೊದಲು ಕೇಳಿದ ಪ್ರಶ್ನೆಯನ್ನು, ಇಷ್ಟು ಕೋಟಿ ಜನ ಈ ಚಿತ್ರವನ್ನು ನೋಡಿದಮೇಲೆಯೂ, ಆ ಹುಡುಗನನ್ನು ಯಾರೂ ಕೇಳಲಿಲ್ಲ. ಅವನ ಊರಿನ ಹೆಸರನ್ನು ಎಲ್ಲರೂ ಬಲ್ಲರು. ಅವನ ತಂದೆಯ ಉಸಿರಿನ ವಿಷಯವನ್ನು ಯಾರೂ ಅರಿಯರು. ತಂದೆಯಿಂದ ಬರಬೇಕಾದ ಮಾನವು ಅವನಿಗೆ ಇಲ್ಲದ ಒಬ್ಬ ಪಾತಕಿಯಿಂದ ಎರವಲಾಗಿ ಬಂದಿದೆ. ಅದನ್ನೂ ಅವನು ನಗುತ್ತ ಹೊತ್ತುಕೊಂಡು ತಿರುಗಬೇಕಾಗಿದೆ.

ತಪ್ಪೆಲ್ಲವನ್ನೂ ಚಿತ್ರವನ್ನು ಮಾಡಿದವರ ಮೇಲೆ ಹೊರಿಸಿ ಕೈತೊಳೆದುಕೊಂಡರೆ ನಾನು ಪ್ರಾಮಾಣಿಕನಾಗಲಾರೆನು. ಅವರಿಗೆ ಬೇಡವಾಗಿದ್ದ ಕಥೆಯನ್ನು ನಾವು ಬರೆದಿಟ್ಟಿದ್ದೆವೆ? ನಮ್ಮ ಸಂಘವು ಕುಮಾರವ್ಯಾಸನ ಬಗೆಗೂ ವಚನಕಾರರ ಬಗೆಗೂ ಸಭೆಗಳನ್ನು ನಡೆಸಿತು. ನಾನೂ ಅಲ್ಲಿ ಭಾಷಣ ಮಾಡಿದೆನು. ಹತ್ತಾರು ಮೈಲಿ ದೂರದ ಲೈನುಗಳಲ್ಲಿ ಕೆಮ್ಮುತ್ತ ಮಲಗಿದ್ದವರ ಮಾತನ್ನು ಬರೆದುಕೊಳ್ಳಲು ನಾವು ಒಂದು ದಿನವೂ ಹೋಗಲಿಲ್ಲ. ಅವರು ತಮಿಳರೆಂದು ಒಂದು ನೆವ. ಸಾಹಿತ್ಯಕ್ಕೆ ಸಂಬಂಧವಿಲ್ಲವೆಂದು ಇನ್ನೊಂದು. ಬಾಗಿಲು ತೆರೆದಿಟ್ಟ ಮನೆಗೆ ಕನ್ನ ಹಾಕುವುದು ಸುಲಭ. ಬಾಗಿಲನ್ನು ಹಾಕದೆ ಮಲಗಿದವರು ನಾವು.

ಆದುದರಿಂದ ಈ ಲೇಖನವನ್ನು ದೂಷಣೆಯಲ್ಲಿ ಮುಗಿಸದೆ ಒಂದು ಬಿನ್ನಹದಲ್ಲಿ ಮುಗಿಸುತ್ತೇನೆ. ಗಣಿಗಳು ನಿಂತು ಇಪ್ಪತ್ತು ವರ್ಷಗಳ ಮೇಲಾಯಿತು. ಆಳದಲ್ಲಿ ಕೆಲಸಮಾಡಿದವರಲ್ಲಿ ಬದುಕಿರುವವರು ಈಗ ಮುದುಕರು, ವರ್ಷವರ್ಷಕ್ಕೂ ಕಡಮೆಯಾಗುತ್ತಿದ್ದಾರೆ. ನಮ್ಮ ಸಂಘದ ಸದಸ್ಯರು ಇಬ್ಬಿಬ್ಬರಾಗಿ, ರಾಬರ್ಟಸನ್ ಪೇಟೆಗೂ ಚಾಂಪಿಯನ್ ರೀಫಿಗೂ ಮಾರಿಕುಪ್ಪಕ್ಕೂ ಹೋಗಿ, ಅವರು ತಮಿಳಿನಲ್ಲಿ ಹೇಳಲಿ, ತೆಲುಗಿನಲ್ಲಿ ಹೇಳಲಿ, ಬೆರಕೆ ಕನ್ನಡದಲ್ಲಿ ಹೇಳಲಿ, ಹೇಳಿದುದನ್ನು ಹೇಳಿದಂತೆ ಬರೆದುಕೊಂಡು ಬರಬೇಕು. ಈ ಪತ್ರಿಕೆಯಲ್ಲಿ ತಿಂಗಳಿಗೊಬ್ಬರ ಮಾತು ಅಚ್ಚಾಗಬೇಕು. ನನಗೆ ತಮಿಳು ಸಾಲದಾಗಿ ಬರುತ್ತದೆ. ಸಾಲದುದನ್ನು ಆ ರೈಲಿನ ಹುಡುಗನು ತುಂಬಿಕೊಡುವೆನೆಂದು ಒಪ್ಪಿದ್ದಾನೆ. ಮುಂದಿನ ಭಾನುವಾರ ಬೆಳಗ್ಗೆ ನಾವಿಬ್ಬರೂ ಹೊರಡುವೆವು. ಕಾಫಿಯ ಹೊತ್ತಿನಲ್ಲಿ ಆ ಮಾತನ್ನು ಹೇಳಿದ ಮಿತ್ರರು ಜೊತೆಗೆ ಬಂದರೆ ನನಗೆ ಸಂತೋಷ. ಅವರಿಗೆ ಕೊಡುವ ನಿಜವಾದ ಉತ್ತರ ಅಲ್ಲಿ, ಯಾವುದಾದರೊಂದು ಮನೆಯ ಜಗಲಿಯ ಮೇಲೆ, ಅವರ ಕಿವಿಗೇ ಬೀಳುವುದು.